ನನ್ನ ಕಾದಂಬರಿ ಯಾರ ದನಿಯಲ್ಲಿ ಕೇಳಿಸಬೇಕು?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವಳು, ನಿವೃತ್ತ ಶಿಕ್ಷಕಿ, ವಯಸ್ಸು 67. ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಬೆಳೆದ ಹೆಣ್ಣುಮಗಳೊಬ್ಬಳ ಕತೆಯಿರುವ ನನ್ನ ಕಾದಂಬರಿ 1998ರಲ್ಲಿ ಅಚ್ಚಾಯಿತು. ಸಾವಿರ ಪ್ರತಿ ಖರ್ಚಾದವು, ಮರುಮುದ್ರಣವಾಗಲಿಲ್ಲ. ಈಗ ಆಡಿಯೊ ಪುಸ್ತಕಗಳ ಕಂಪನಿಯೊಂದು ಒಪ್ಪಂದದ ಕರಡು ಕಳುಹಿಸಿದೆ. ಒಂದೇ ಕಂತಿನಲ್ಲಿ ಹಣ ಕೊಟ್ಟು ‘ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳ ಹಕ್ಕನ್ನು ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ’ ಪಡೆಯುತ್ತಾರಂತೆ. ಪ್ರಕಾಶಕರಿಗೆ ಹೇಳಿದರೆ ‘ಧ್ವನಿಯ ಹಕ್ಕೂ ನಮ್ಮದೇ’ ಎಂದರು. ಅವರು ಅಂದು ಕೊಟ್ಟ ಒಂದು ಪುಟದ ಪತ್ರದಲ್ಲಿ ‘ಮೊದಲ ಮುದ್ರಣದ 1000 ಪ್ರತಿ ಪ್ರಕಟಿಸಲು ಒಪ್ಪಿದ್ದೇವೆ, ಗೌರವಧನ ಮುಖಬೆಲೆಯ ಶೇಕಡಾ 10’ ಎಂದಷ್ಟೇ ಇದೆ. ಅಕ್ಕನ ಮಗ ‘ಕಂಪ್ಯೂಟರೇ ಓದುತ್ತದೆ ಚಿಕ್ಕಮ್ಮ, ಒಂದು ರಾತ್ರಿಯ ಕೆಲಸ’ ಎನ್ನುತ್ತಾನೆ. ನನಗೆ ನಾನೇ ಓದಬೇಕೆಂಬ ಆಸೆ. ಈ ನಡುವೆ ಅಂಧ ವಿದ್ಯಾರ್ಥಿಗಳಿಗಾಗಿ ದುಡಿಯುವ ಗುಂಪೊಂದು ಉಚಿತವಾಗಿ ಓದಿಸಿಕೊಳ್ಳಲು ಅನುಮತಿ ಕೇಳಿದೆ. ಅವರಿಗೆ ಒಪ್ಪಿದರೆ ಕಂಪನಿಯ ವ್ಯವಹಾರಕ್ಕೆ ಅಡ್ಡಿಯಾಗುತ್ತದೆಯೇ? ಕೇಳಲು ಸಿಕ್ಕ ಮೇಲೆ ಪುಸ್ತಕವನ್ನು ಯಾರು ಕೊಳ್ಳುತ್ತಾರೆ? ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಕಡೆಯ ಮಾತು ಗೊತ್ತಿಲ್ಲದವರು ಓದಿ ನನ್ನ ಪಾತ್ರಗಳನ್ನು ಬೇರೆ ಯಾರನ್ನೋ ಮಾಡಿಬಿಟ್ಟರೆ ಎಂಬ ಹೆದರಿಕೆ.

ಉತ್ತರ:

ಮೇಡಂ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ತೊಡಗುತ್ತೇನೆ. ಹಣ, ಹಕ್ಕು, ಪ್ರಕಾಶಕರ ಮಾತು, ಇವಕ್ಕೆಲ್ಲ ದಾರಿಯಿದೆ. ಆ ಕೊನೆಯ ಹೆದರಿಕೆಯನ್ನು ಮಾತ್ರ ಯಾವ ಒಪ್ಪಂದವೂ ತಾನಾಗಿ ನೀಗಿಸುವುದಿಲ್ಲ. ಅದಕ್ಕೆ ನೀವೇ ಕೈಹಾಕಬೇಕು.

ಹಾಸನದಲ್ಲಿದ್ದುಕೊಂಡು ಇಪ್ಪತ್ತು ವರ್ಷದಿಂದ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದೇನೆ. ಈಚಿನ ವರ್ಷಗಳಲ್ಲಿ ಹೆಚ್ಚಿನ ಪಾಲು ಕನ್ನಡ ಪುಸ್ತಕಗಳನ್ನು ಓದಿಸುವುದೇ ಆಗಿದೆ. ಒಮ್ಮೆ ನಿಮ್ಮದೇ ಸೀಮೆಯ ಕಥಾಸಂಕಲನವೊಂದು ನನ್ನ ಕೈಗೆ ಬಂತು. ಓದಲು ಬಂದವರು ಬಯಲುಸೀಮೆಯ ರಂಗಕಲಾವಿದೆ. ತುಂಬು ಕಂಠ, ಸ್ವಚ್ಛ ಉಚ್ಚಾರ, ಒಂದೇ ಒಂದು ಮಹಾಪ್ರಾಣ ಸಡಿಲವಾಗದ ಓದು. ಕತೆಯ ನಡುವೆ ‘ಆ ವರ್ಷ ಹೂಮಳೆ ಬರಲಿಲ್ಲ’ ಎಂಬ ಸಾಲು ಬಂತು. ಅವರು ‘ಹೂಮಳೆ’ ಎಂಬಲ್ಲಿ ದನಿಯನ್ನು ಮೃದು ಮಾಡಿ, ಮದುವೆಯ ಮಂಟಪದಲ್ಲಿ ಹೂವು ಸುರಿದಂತೆ ಓದಿದರು. ಅವರ ತಪ್ಪೇನಿಲ್ಲ, ಪದ ಹಾಗೆಯೇ ಇದೆ. ಆದರೆ ತೋಟ ಮಾಡುವವರ ಬಾಯಲ್ಲಿ ಹೂಮಳೆ ಎಂದರೆ ಬೇಸಿಗೆಯ ಬಾಯಲ್ಲಿ ಬೀಳಬೇಕಾದ ಆ ಒಂದು ಮಳೆ. ಬಿದ್ದರೆ ಎಂಟು ಹತ್ತು ದಿನದಲ್ಲಿ ಕಾಫಿ ಗಿಡ ಬೆಳ್ಳಗೆ ಬಿರಿಯುತ್ತದೆ. ಬೀಳದಿದ್ದರೆ ಮುಂದಿನ ಫಸಲು, ಸೊಸೈಟಿಯ ಸಾಲ, ಮಗಳ ಮದುವೆ ಎಲ್ಲವೂ ಅಲ್ಲಾಡುತ್ತವೆ. ಆ ಸಾಲನ್ನು ಎದೆ ಧಸಕ್ಕೆಂದವರ ದನಿಯಲ್ಲಿ ಓದಬೇಕಿತ್ತು. ಅಂದು ಧ್ವನಿಮುದ್ರಣ ನಿಲ್ಲಿಸಿ, ಅವರನ್ನು ಕಾಫಿಗೆ ಕರೆದುಕೊಂಡು ಹೋಗಿ, ಬರಗಾಲದ ವರ್ಷದ ಒಂದು ತೋಟದ ಕತೆ ಹೇಳಿದೆ. ಮರಳಿ ಬಂದು ಅವರು ಓದಿದ ಆ ಸಾಲು ನನಗೆ ಇಂದಿಗೂ ನೆನಪಿದೆ. ದನಿ ಏರಿಸಲಿಲ್ಲ, ಇಳಿಸಲಿಲ್ಲ. ‘ಬರಲಿಲ್ಲ’ ಎಂದಾದ ಮೇಲೆ ಅರ್ಧ ಉಸಿರು ತಡೆದರು, ಅಷ್ಟೇ.

ಅದೇ ಪುಸ್ತಕದಲ್ಲಿ ‘ರೈಟರು’ ಎಂಬ ಪಾತ್ರವಿತ್ತು. ತೋಟದ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ಕಲಾವಿದೆ ಅವನನ್ನು ಯಾರೋ ಸಾಹಿತಿ ಎಂದುಕೊಂಡು ಎರಡು ಪುಟ ಗಾಂಭೀರ್ಯದಿಂದ ಓದಿದ್ದರು. ‘ಲೈನು’ ಎಂದರೆ ಸಾಲಾಗಿ ನಿಲ್ಲುವುದು ಎಂದೂ, ‘ಕಣ’ ಎಂದರೆ ರಾಗಿ ತುಳಿಸುವ ಕಣವೇ ಎಂದೂ ತಿಳಿದಿದ್ದರು. ತೋಟದಲ್ಲಿ ಲೈನು ಎಂದರೆ ಕೂಲಿಯವರ ಸಾಲುಮನೆ, ಕಣ ಎಂದರೆ ಕಾಫಿ ಒಣಗಿಸುವ ಅಂಗಳ. ನೀವು ಬರೆದದ್ದು ಲೈನ್ ಮನೆಯ ಹುಡುಗಿಯ ಕತೆ ಎಂದಮೇಲೆ ಇಂಥ ಪದಗಳು ಪುಟಪುಟದಲ್ಲೂ ಇರುತ್ತವೆ.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಅಚ್ಚಿನ ಪುಟ ಎಷ್ಟೋ ಸಂಗತಿಗಳನ್ನು ತೀರ್ಮಾನಿಸದೆ ಬಿಡುತ್ತದೆ. ರೈಟರು ಧಣಿಗೆ ‘ಆಯಿತು ಬಿಡಿ’ ಎನ್ನುತ್ತಾನೆ ಎಂದುಕೊಳ್ಳಿ. ಅದು ಒಪ್ಪಿಗೆಯೋ, ಸೋಲೋ, ನೋಡಿಕೊಳ್ಳುತ್ತೇನೆ ಎಂಬ ಬೆದರಿಕೆಯೋ? ಓದುಗ ತನ್ನ ಮನಸ್ಸಿನಲ್ಲಿ ಮೂರನ್ನೂ ಇಟ್ಟುಕೊಂಡು ಮುಂದಿನ ಅಧ್ಯಾಯಕ್ಕೆ ಹೋಗಬಹುದು. ಬಾಯಿಬಿಟ್ಟು ಓದುವವರಿಗೆ ಆ ಸೌಲಭ್ಯವಿಲ್ಲ. ಮೂರರಲ್ಲಿ ಒಂದನ್ನು ಅವರು ಆರಿಸಲೇಬೇಕು, ಆರಿಸಿದ್ದು ಕೇಳುಗನಿಗೆ ಕೊನೆಯ ಮಾತಾಗುತ್ತದೆ. ಆಡಿಯೊ ಪುಸ್ತಕ ನಿಮ್ಮ ಕಾದಂಬರಿಗೆ ಒಬ್ಬರು ಕೊಟ್ಟ ಅರ್ಥ. ಆ ಅರ್ಥ ಕೊಡುವ ಹೊತ್ತಿನಲ್ಲಿ ಲೇಖಕಿ ಹತ್ತಿರವಿರಬೇಕು ಎಂಬುದೇ ಈ ಉತ್ತರದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು.

ಹತ್ತಿರವಿರುವುದೆಂದರೆ ಸ್ಟುಡಿಯೋದಲ್ಲಿ ದಿನವಿಡೀ ಕುಳಿತು ಪ್ರತಿ ಸಾಲಿಗೂ ಅಡ್ಡ ಬಾಯಿ ಹಾಕುವುದಲ್ಲ. ನಾನು ಲೇಖಕರಿಂದ ಎರಡು ವಸ್ತು ಕೇಳುತ್ತೇನೆ. ಒಂದು, ಪದಪಟ್ಟಿ. ಕಾದಂಬರಿಯನ್ನು ಪೆನ್ಸಿಲ್ ಹಿಡಿದು ಓದಿ, ಹೊರಗಿನವರು ಎಡವಬಹುದಾದ ಪ್ರತಿ ಪದವನ್ನೂ ಬರೆದು, ಅದನ್ನು ಮೊಬೈಲ್‌ನಲ್ಲಿ ನಿಮ್ಮದೇ ದನಿಯಲ್ಲಿ ಹೇಳಿ ಕಳುಹಿಸುವುದು. ಊರ ಹೆಸರುಗಳನ್ನು ಮರೆಯಬೇಡಿ. ಹಾನುಬಾಳು, ಬಾಳ್ಳುಪೇಟೆ, ಹೆತ್ತೂರು ಎಂದು ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದಿದರೆ ನಿಮ್ಮ ಊರಿನ ಬಸ್ಸಿನಲ್ಲಿ ಯಾರಿಗೂ ಅದು ತಮ್ಮೂರೆಂದು ಅನಿಸುವುದಿಲ್ಲ. ಎರಡು, ಪಾತ್ರಗಳ ಪಟ್ಟಿ. ಪ್ರತಿಯೊಬ್ಬರ ವಯಸ್ಸು, ಮನೆಮಾತು, ಅವರು ಯಾರೊಡನೆ ಏಕವಚನ, ಯಾರೊಡನೆ ಬಹುವಚನ, ಯಾರ ಮುಂದೆ ದನಿ ತಗ್ಗಿಸುತ್ತಾರೆ. ತೋಟಕ್ಕೆ ತಮಿಳುನಾಡಿನಿಂದಲೋ ಕರಾವಳಿಯಿಂದಲೋ ಬಂದ ಕೂಲಿಯವರ ಕನ್ನಡ ಹೇಗಿರಬೇಕು ಎಂಬುದನ್ನು ಪ್ರತ್ಯೇಕವಾಗಿ ಬರೆಯಿರಿ. ಇಲ್ಲದಿದ್ದರೆ ಹಳೆಯ ಸಿನಿಮಾಗಳ ಅಣಕದ ಧಾಟಿ ನುಸುಳಿಬಿಡುತ್ತದೆ. ಆ ಜನರನ್ನು ನೀವು ಪ್ರೀತಿಯಿಂದ ಬರೆದಿದ್ದರೆ ಅದನ್ನು ಕೇಳಿ ಸಹಿಸಲಾರಿರಿ.

ಇನ್ನು ನೀವೇ ಓದುವ ಆಸೆ. ತನ್ನ ಪುಸ್ತಕವನ್ನು ತನಗಿಂತ ಚೆನ್ನಾಗಿ ಯಾರೂ ಓದಲಾರರು ಎಂಬ ನಂಬಿಕೆ ಲೇಖಕರಲ್ಲಿ ವ್ಯಾಪಕ. ಲೇಖಕರು ಓದಲೇಬಾರದು ಎನ್ನುವುದು ಸ್ಟುಡಿಯೋದವರ ನಂಬಿಕೆ. ನನ್ನ ಅನುಭವ ಎರಡರ ಪರವಾಗಿಯೂ ಇಲ್ಲ. ಚಿಕ್ಕಮಗಳೂರಿನ ಹಿರಿಯರೊಬ್ಬರ ಆತ್ಮಕಥನವನ್ನು ಅವರಿಂದಲೇ ಓದಿಸಿದ್ದೇನೆ. ತಂದೆಯ ಸಾವಿನ ಪುಟದಲ್ಲಿ ಅವರ ದನಿ ಸಣ್ಣಗೆ ನಡುಗಿತು. ಮತ್ತೊಮ್ಮೆ ಓದುತ್ತೇನೆ ಎಂದರು, ಬೇಡವೆಂದೆ. ಆ ನಡುಕವನ್ನು ಯಾವ ಕಲಾವಿದನಿಂದಲೂ ತರಿಸಲಾಗುತ್ತಿರಲಿಲ್ಲ. ಅದೇ ವರ್ಷ ಇನ್ನೊಬ್ಬ ಲೇಖಕರು ತಮ್ಮ ಕಾದಂಬರಿ ಓದಲು ಕುಳಿತರು. ಅಜ್ಜಿ, ಮೊಮ್ಮಗ, ಪೊಲೀಸಿನವ ಎಲ್ಲರೂ ಒಂದೇ ದನಿಯವರಾದರು. ಮೂರನೆಯ ಅಧ್ಯಾಯ ಮುಗಿಸಿ, ಕೇಳಿ ನೋಡಿ, ತಾವೇ ‘ಇದು ನನ್ನ ಕೈಯಲ್ಲಿ ಆಗುವುದಿಲ್ಲ’ ಎಂದು ಎದ್ದರು. ಆತ್ಮಕಥನ, ಪ್ರಬಂಧ, ಕವಿತೆಗಳಿಗೆ ಲೇಖಕರ ದನಿ ಬಹುಮಟ್ಟಿಗೆ ಒಗ್ಗುತ್ತದೆ. ಮಾತುಕತೆ ಹೆಚ್ಚಿರುವ ಕಾದಂಬರಿಗೆ ನಟನೆಯ ಅಭ್ಯಾಸ ಬೇಕಾಗುತ್ತದೆ.

ನೀವು ಮೂವತ್ತು ವರ್ಷವಾದರೂ ತರಗತಿಯಲ್ಲಿ ಪಾಠ ಓದಿದವರು, ದನಿಗೆ ಶಕ್ತಿಯಿರುತ್ತದೆ. ಆದರೆ ಹಿಂದಿನ ಬೆಂಚಿಗೆ ಕೇಳಿಸಲು ಪಳಗಿದ ದನಿ ಮೈಕಿನ ಮುಂದೆ ಭಾಷಣವಾಗುತ್ತದೆ. ಆಡಿಯೊ ಪುಸ್ತಕ ಕೇಳುವವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಾರೆ. ಅವರಿಗೂ ನಿಮಗೂ ಗೇಣು ದೂರ. ಹೀಗೆ ಮಾಡಿ: ಮಾತುಕತೆ ತುಂಬಿರುವ ಇಪ್ಪತ್ತು ನಿಮಿಷದ ಭಾಗವನ್ನು ಮೊಬೈಲ್‌ನಲ್ಲಿ ಓದಿ ಇಡಿ. ಅಂದೇ ಕೇಳಬೇಡಿ. ಎರಡು ದಿನ ಬಿಟ್ಟು, ಪುಸ್ತಕ ಮುಚ್ಚಿಟ್ಟು, ಅಡುಗೆ ಮಾಡುತ್ತಾ ಕೇಳಿ. ಮಾತನಾಡುತ್ತಿರುವವರು ಯಾರೆಂದು ಕ್ಷಣಕ್ಷಣಕ್ಕೂ ತಿಳಿಯುತ್ತಿದ್ದರೆ, ಕೊನೆಯ ಐದು ನಿಮಿಷದಲ್ಲಿ ದನಿ ಒಣಗಿರದಿದ್ದರೆ, ಮುಂದುವರಿಯಬಹುದು. ಡೆಮಿ ಅಳತೆಯ ಇನ್ನೂರು ಪುಟದ ಕಾದಂಬರಿ ನನ್ನ ಲೆಕ್ಕದಲ್ಲಿ ಸುಮಾರು ಏಳು ಗಂಟೆಯ ಧ್ವನಿಯಾಗುತ್ತದೆ. ಒಂದು ಗಂಟೆಯ ಸಿದ್ಧ ಧ್ವನಿಗೆ ಓದುವುದು, ತಪ್ಪು ತಿದ್ದುವುದು, ಸಂಕಲನ, ಮರುಕೇಳುವಿಕೆ ಸೇರಿ ಐದಾರು ಗಂಟೆಯ ಕೆಲಸ. ನಿಮ್ಮ ವಯಸ್ಸಿನಲ್ಲಿ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಓದಿಸಲು ನಾನು ಒಪ್ಪುವುದಿಲ್ಲ. ಬೆಳಗಿನ ದನಿಗೂ ಸಂಜೆಯ ದನಿಗೂ ವ್ಯತ್ಯಾಸ ಬಂದು, ಒಂದೇ ಅಧ್ಯಾಯ ಇಬ್ಬರು ಓದಿದಂತಾಗುತ್ತದೆ.

ಮಧ್ಯದ ದಾರಿಯೊಂದಿದೆ, ನನಗೆ ಬಹಳ ಇಷ್ಟವಾದದ್ದು: ಕಾದಂಬರಿಯನ್ನು ಕಲಾವಿದೆ ಓದಲಿ, ಆರಂಭದಲ್ಲಿ ‘ಈ ಕತೆ ಹುಟ್ಟಿದ ಬಗೆ’ ಎಂದು ಐದು ನಿಮಿಷ ನೀವು ಮಾತನಾಡಿ. ಲೇಖಕಿಯ ಗುರುತು ಕೇಳುಗರ ಕಿವಿಯಲ್ಲಿ ಉಳಿಯುತ್ತದೆ, ಪಾತ್ರಗಳಿಗೂ ಅವುಗಳ ದನಿ ಸಿಗುತ್ತದೆ.

ಈಗ ಪ್ರಕಾಶಕರ ಮಾತಿಗೆ ಬರುತ್ತೇನೆ. ಪುಸ್ತಕ ಅಚ್ಚು ಹಾಕಿದವರಿಗೆ ಅದರ ಸಕಲ ಹಕ್ಕೂ ಸೇರಿತು ಎಂಬ ತಪ್ಪು ತಿಳಿವಳಿಕೆ ಬರೆಯುವವರಲ್ಲೂ ಇದೆ, ಪ್ರಕಟಿಸುವವರಲ್ಲೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಸಾಹಿತ್ಯ ಕೃತಿಯ ಹಕ್ಕನ್ನು ಒಂದು ಕಟ್ಟಿನಂತೆ ನೋಡುತ್ತದೆ. ಅಚ್ಚು ಹಾಕುವುದು ಒಂದು, ಅನುವಾದ ಒಂದು, ಸಿನಿಮಾ ಮಾಡುವುದು ಒಂದು, ಧ್ವನಿಮುದ್ರಿಸುವುದು ಇನ್ನೊಂದು. ಬರೆದವರೇ ಮೊದಲ ಒಡೆಯರು. ಕಟ್ಟಿನಿಂದ ಯಾವುದನ್ನು ಬರಹದಲ್ಲಿ ಸಹಿ ಮಾಡಿ ಕೊಟ್ಟಿರುತ್ತೀರೋ ಅದಷ್ಟೇ ಹೋಗುತ್ತದೆ. ನಿಮ್ಮ ಪತ್ರದಲ್ಲಿರುವುದು ಸಾವಿರ ಪ್ರತಿಯ ಮುದ್ರಣ. ಧ್ವನಿಯ ಸುದ್ದಿಯೇ ಇಲ್ಲ. ಅವಧಿಯನ್ನೂ ಅದರಲ್ಲಿ ಬರೆದಿಲ್ಲ. ಅವಧಿ ಹೇಳದ ಒಪ್ಪಂದವನ್ನು ಕಾಯ್ದೆಯ 19ನೇ ಸೆಕ್ಷನ್ ಐದು ವರ್ಷದ್ದೆಂದು ಪರಿಗಣಿಸುತ್ತದೆ. ನೀವು ವಿವರಿಸಿದಷ್ಟೇ ಆ ಪತ್ರದಲ್ಲಿದ್ದರೆ ಧ್ವನಿಯ ಹಕ್ಕು ನಿಮ್ಮ ಬಳಿಯೇ ಇದೆ. ಪುಸ್ತಕದ ಒಳಪುಟದಲ್ಲಿ ‘ಹಕ್ಕುಗಳು: ಲೇಖಕಿಯವರವು’ ಎಂದು ಅಚ್ಚಾಗಿದ್ದರೆ ಅದರ ನಕಲನ್ನೂ ತೆಗೆದಿಟ್ಟುಕೊಳ್ಳಿ.

ಹಾಗೆಂದು ಪ್ರಕಾಶಕರೊಡನೆ ಜಗಳಕ್ಕೆ ನಿಲ್ಲಬೇಡಿ. ಇಪ್ಪತ್ತೈದು ವರ್ಷದ ಹಿಂದೆ ಹೊಸ ಲೇಖಕಿಯೊಬ್ಬರ ಪುಸ್ತಕಕ್ಕೆ ಕಾಗದದ ಹಣ ಹಾಕಿದವರು ಅವರು. ಪತ್ರದ ನಕಲು ಜೊತೆಗಿಟ್ಟು, ಧ್ವನಿಯ ಹಕ್ಕು ನನ್ನಲ್ಲೇ ಇದೆ, ಮರುಮುದ್ರಣಕ್ಕೆ ನೀವು ಮನಸ್ಸು ಮಾಡಿದರೆ ಸಂತೋಷ ಎಂದು ವಿನಯದಿಂದ ಬರೆಯಿರಿ. ಒಂದು ಎಚ್ಚರ: ಮುಖಪುಟದ ಚಿತ್ರ ನಿಮ್ಮದಲ್ಲ, ಮುನ್ನುಡಿಯೂ ನಿಮ್ಮದಲ್ಲ. ಚಿತ್ರವನ್ನು ಆಡಿಯೊ ಪುಸ್ತಕದ ಮೇಲೆ ಬಳಸಲು ಅದರ ಹಕ್ಕು ಇರುವವರನ್ನು ಕೇಳಬೇಕು, ಮುನ್ನುಡಿ ಓದಿಸಲು ಬರೆದವರನ್ನು ಕೇಳಬೇಕು. ಕತೆಯೊಳಗೆ ಸಿನಿಮಾ ಹಾಡಿನ ಸಾಲುಗಳಿದ್ದರೆ ಕಲಾವಿದೆ ಅದನ್ನು ರಾಗವಾಗಿ ಹಾಡದಂತೆ ನೋಡಿಕೊಳ್ಳಿ. ಸಾಲಿನ ಹಕ್ಕು ಒಬ್ಬರದು, ರಾಗದ ಹಕ್ಕು ಇನ್ನೊಬ್ಬರದು. ಸೋಬಾನೆ ಪದ, ನಾಟಿ ಪದಗಳಿಗೆ ಈ ಚಿಂತೆಯಿಲ್ಲ.

ಕಂಪನಿಯ ಕರಡು ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿತು. ‘ಹಕ್ಕುಸ್ವಾಮ್ಯದ ಪೂರ್ಣ ಅವಧಿ’ ಎಂದರೆ ನಿಮ್ಮ ಜೀವಿತಕಾಲ ಮತ್ತು ಆಮೇಲಿನ ಅರವತ್ತು ವರ್ಷ. ನಿಮ್ಮ ಮರಿಮಕ್ಕಳ ಕಾಲದವರೆಗೆ ಒಂದೇ ಕಂತಿನ ಹಣಕ್ಕೆ ಬರೆದುಕೊಡಿ ಎನ್ನುತ್ತಿದ್ದಾರೆ. ‘ಮುಂದೆ ಬರಬಹುದಾದ ಎಲ್ಲ ಮಾಧ್ಯಮ’ ಎಂಬ ಮಾತಿಗೂ ಕಾಯ್ದೆಯ ಬೆಂಬಲ ತೆಳುವಾಗಿದೆ. 2012ರ ತಿದ್ದುಪಡಿಯ ಪ್ರಕಾರ, ಒಪ್ಪಂದದ ಹೊತ್ತಿಗೆ ಇಲ್ಲದ ಅಥವಾ ವಾಣಿಜ್ಯ ಬಳಕೆಯಲ್ಲಿಲ್ಲದ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೆಸರಿಸದಿದ್ದರೆ ಹಕ್ಕಿನ ವರ್ಗಾವಣೆ ಅದಕ್ಕೆ ಅನ್ವಯಿಸುವುದಿಲ್ಲ. ಅದೇ ತಿದ್ದುಪಡಿ ಇನ್ನೂ ಒಂದು ಮಾತು ಸೇರಿಸಿದೆ: ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ ಕೃತಿಯ ಬಳಕೆಗೆ ಬರುವ ರಾಯಧನವನ್ನು ಹಕ್ಕು ಪಡೆದವರೊಡನೆ ಸಮನಾಗಿ ಹಂಚಿಕೊಳ್ಳುವ ಹಕ್ಕನ್ನು ಲೇಖಕರು ಬಿಟ್ಟುಕೊಡುವಂತಿಲ್ಲ. ಇದು ಬಂದದ್ದು ಮುಖ್ಯವಾಗಿ ಹಾಡು ಬರೆಯುವವರ ಹೋರಾಟದಿಂದ, ಆದರೆ ಕಾಯ್ದೆ ಬಳಸಿರುವ ಪದ ‘ಸಾಹಿತ್ಯ ಕೃತಿ’ ಎಂದೇ. ಒಂದೇ ಕಂತಿನ ಪ್ರಸ್ತಾಪವನ್ನು ಪ್ರಶ್ನಿಸಲು ನಿಮಗೆ ಇಷ್ಟು ನೆಲೆ ಸಾಕು. ಸಹಿಗೆ ಮೊದಲು ಹಕ್ಕುಸ್ವಾಮ್ಯದ ಕೆಲಸ ತಿಳಿದ ವಕೀಲರಿಗೆ ಕರಡನ್ನು ತೋರಿಸಿ. ಅವರ ಶುಲ್ಕ ವ್ಯರ್ಥವಾಗುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕನ್ನಡ ಆಡಿಯೊ ಪುಸ್ತಕದ ಹಕ್ಕನ್ನು ಮಾತ್ರ, ಐದು ವರ್ಷಕ್ಕೆ ಮಾತ್ರ ಕೊಡುತ್ತಿದ್ದೆ. ಅನುವಾದ, ನಾಟಕ, ಸಿನಿಮಾ, ವೆಬ್ ಸರಣಿ ಯಾವುದೂ ಅದರೊಳಗೆ ಬರಬಾರದು. ಹಣದ ಬಗ್ಗೆ, ಮುಂಗಡವಾಗಿ ಒಂದು ಮೊತ್ತ ಮತ್ತು ಗಳಿಕೆಯಲ್ಲಿ ಪಾಲು ಎರಡನ್ನೂ ಕೇಳಿ. ಪುಸ್ತಕದ ಅಂಗಡಿಯಂತೆ ಇಲ್ಲಿ ಪ್ರತಿ ಎಣಿಸಲಾಗುವುದಿಲ್ಲ. ಚಂದಾದಾರರ ಹಣದ ಮೇಲೆ ನಡೆಯುವ ವೇದಿಕೆಗಳಲ್ಲಿ ಸಾಮಾನ್ಯವಾಗಿ ಜನ ಎಷ್ಟು ಹೊತ್ತು ಕೇಳಿದರು ಎಂಬುದರ ಮೇಲೆ ಲೆಕ್ಕ. ಆದ್ದರಿಂದ ಪಾಲು ಶೇಕಡಾ ಎಷ್ಟು ಎಂಬುದಕ್ಕಿಂತ ಯಾವುದರ ಶೇಕಡಾ ಎಂದು ಕೇಳುವುದು ಮುಖ್ಯ. ತೆರಿಗೆ, ವೇದಿಕೆಯ ಕಮಿಷನ್, ಧ್ವನಿಮುದ್ರಣದ ಖರ್ಚು ಎಲ್ಲ ಕಳೆದು ಉಳಿದದ್ದರ ಪಾಲು ಎಂದರೆ ಹಲವು ವರ್ಷ ಸೊನ್ನೆಯೇ ಬರಬಹುದು. ಆರು ತಿಂಗಳಿಗೊಮ್ಮೆ, ಕೇಳಿದ ನಿಮಿಷಗಳ ಸಮೇತ ಲೆಕ್ಕಪತ್ರ ಕಳುಹಿಸಬೇಕೆಂದು ಬರೆಸಿ.

ಇನ್ನೊಂದು ಸಾಲನ್ನು ಹುಡುಕಿ ನೋಡಿ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ವರ್ಗಾವಣೆ ರದ್ದಾಯಿತೆಂದು ಕಾಯ್ದೆ ಹೇಳುತ್ತದೆ, ಆದರೆ ‘ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ’ ಎಂಬ ಷರತ್ತಿದೆ. ಸಿದ್ಧ ಕರಡುಗಳಲ್ಲಿ ಈ ರಕ್ಷಣೆಯನ್ನು ತೆಗೆದುಹಾಕುವ ಒಂದು ಸಾಲು ಹಿಂದಿನ ಪುಟಗಳಲ್ಲೆಲ್ಲೋ ಇರುತ್ತದೆ. ಅದನ್ನು ಹೊಡೆದುಹಾಕಿಸಿ. ಹಕ್ಕು ಕೊಂಡು ಪೆಟ್ಟಿಗೆಯಲ್ಲಿಟ್ಟ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಲೇಖಕ ಬೇರೆಯವರಿಗೆ ಕೊಡುವಂತಿಲ್ಲ, ಇವರು ಓದಿಸುವುದಿಲ್ಲ.

ಕತೆಯನ್ನು ಸಂಕ್ಷೇಪಿಸುವುದಿದ್ದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕೆಂಬುದೂ, ಓದುವವರ ಆಯ್ಕೆಗೆ ನಿಮ್ಮ ಸಮ್ಮತಿ ಬೇಕೆಂಬುದೂ ಒಪ್ಪಂದದಲ್ಲೇ ಇರಲಿ. ಕೃತಿಯನ್ನು ನಿಮ್ಮ ಹೆಸರಿಗೆ ಧಕ್ಕೆಯಾಗುವಂತೆ ತಿರುಚುವುದನ್ನು ತಡೆಯುವ ಹಕ್ಕು 57ನೇ ಸೆಕ್ಷನ್‌ನಲ್ಲಿದೆ. ಹಕ್ಕುಸ್ವಾಮ್ಯ ಕೊಟ್ಟ ಮೇಲೂ ಅದು ಲೇಖಕರಲ್ಲಿ ಉಳಿಯುತ್ತದೆ. ಆದರೆ ಕೆಟ್ಟ ಓದನ್ನು ತಿರುಚುವಿಕೆ ಎಂದು ನ್ಯಾಯಾಲಯದಲ್ಲಿ ಸಾಧಿಸುವುದು ಕಷ್ಟ. ಮೊದಲ ಅಧ್ಯಾಯ ಕೇಳಿ ಒಪ್ಪಿದ ಮೇಲೆಯೇ ಎರಡನೆಯದು ಎಂದು ಬರೆಸುವುದು ಸುಲಭ. ಧ್ವನಿಮುದ್ರಿಕೆಯ ಒಡೆತನ ಮುದ್ರಿಸಿದ ಕಂಪನಿಯದು, ಅದನ್ನು ತಪ್ಪೆಂದು ತಿಳಿಯಬೇಡಿ. ಐದು ವರ್ಷ ಮುಗಿದ ಮೇಲೆ ಕೃತಿಯ ಹಕ್ಕು ನಿಮಗೆ ಮರಳುತ್ತದೆ, ಮುದ್ರಿಕೆ ಅವರಲ್ಲೇ ಉಳಿಯುತ್ತದೆ. ಆಗ ನ್ಯಾಯವಾದ ಬೆಲೆಗೆ ಅದನ್ನು ನೀವು ಕೊಳ್ಳಬಹುದೆಂಬ ಸಾಲು ಇದ್ದರೆ ಇಬ್ಬರಿಗೂ ಒಳ್ಳೆಯದು.

ಅಕ್ಕನ ಮಗ ಹೇಳಿದ ಯಂತ್ರದ ದನಿಯನ್ನು ನಾನು ತಳ್ಳಿಹಾಕುವುದಿಲ್ಲ. ಕನ್ನಡದಲ್ಲಿ ಅದು ಕೆಲವೇ ವರ್ಷಗಳಲ್ಲಿ ಬಹಳ ಸುಧಾರಿಸಿದೆ. ಸುದ್ದಿ, ಪಠ್ಯ, ಮಾಹಿತಿ ಪುಸ್ತಕಗಳಿಗೆ ಸಹಾಯಕ್ಕೆ ಬರುತ್ತದೆ. ಆದರೆ ಒಂದು ರಾತ್ರಿಯ ಕೆಲಸವೆಂಬುದು ನಿಜವಲ್ಲ. ನಿಮ್ಮ ಪುಸ್ತಕದ ಅಕ್ಷರಜೋಡಣೆಯ ಕಡತ ಉಳಿದಿದ್ದರೂ ಅದು ಹಳೆಯ ಫಾಂಟಿನದು. ಈಗಿನ ಕಂಪ್ಯೂಟರುಗಳು ಬಳಸುವ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಜಾಗ ತಪ್ಪುತ್ತವೆ. ಪುಟಗಳನ್ನು ಸ್ಕ್ಯಾನ್ ಮಾಡಿ ಪಠ್ಯ ತೆಗೆದರೆ ‘ಥ’ ‘ಧ’ ಆಗುತ್ತದೆ, ‘ಘ’ ‘ಫ’ ಆಗುತ್ತದೆ. ಮನುಷ್ಯರು ತಪ್ಪು ಕಂಡರೆ ತಡವರಿಸುತ್ತಾರೆ. ಯಂತ್ರ ತಪ್ಪನ್ನೂ ಅಷ್ಟೇ ಧೈರ್ಯದಿಂದ ಓದುತ್ತದೆ. ಇನ್ನೂರು ಪುಟವನ್ನು ಮೊದಲಿಂದ ಕೊನೆಯವರೆಗೆ ಯಾರಾದರೂ ತಿದ್ದಲೇಬೇಕು. ಅದಾದ ಮೇಲೂ ‘ಆಯಿತು ಬಿಡಿ’ ಅದರ ಬಾಯಲ್ಲಿ ಒಪ್ಪಿಗೆಯೂ ಆಗುವುದಿಲ್ಲ, ಬೆದರಿಕೆಯೂ ಆಗುವುದಿಲ್ಲ. ಕಂಪನಿಯ ಕರಡಿನಲ್ಲಿ ಓದುವವರು ಮನುಷ್ಯರೇ ಎಂದು ಬರೆದಿದೆಯೇ ನೋಡಿ. ನಿಮ್ಮ ಬರಹವನ್ನೂ ಕಲಾವಿದೆಯ ದನಿಯನ್ನೂ ಯಂತ್ರಕ್ಕೆ ಕಲಿಸಲು ಬಳಸಬಾರದು ಎಂಬ ಸಾಲನ್ನು ಇಂದಿನ ಪ್ರತಿ ಒಪ್ಪಂದದಲ್ಲೂ ನಾನು ಸೇರಿಸುತ್ತಿದ್ದೇನೆ. ಕಂಠವೇ ಜೀವನೋಪಾಯವಾದವರ ಅನ್ನದ ಪ್ರಶ್ನೆ ಅದು.

ಅಂಧ ವಿದ್ಯಾರ್ಥಿಗಳ ಗುಂಪಿಗೆ ಇಂದೇ ಒಪ್ಪಿಗೆ ಕೊಡಿ. ವಾಸ್ತವವಾಗಿ ಕಾಯ್ದೆ ಅವರಿಗೆ ಆ ಅವಕಾಶವನ್ನು ಕೊಟ್ಟೇ ಇದೆ. ಅಂಗವೈಕಲ್ಯದಿಂದಾಗಿ ಅಚ್ಚಿನ ಪುಸ್ತಕ ಓದಲಾರದವರಿಗಾಗಿ ಲಾಭದ ಉದ್ದೇಶವಿಲ್ಲದೆ ಧ್ವನಿರೂಪ ಮಾಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ. ಈ ಕುರಿತ ಮರಾಕೆಶ್ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತ. ಆ ಪ್ರತಿ ಅಂಥವರಿಗೆ ಮಾತ್ರ ತಲುಪಬೇಕು, ಸಾರ್ವಜನಿಕ ಯೂಟ್ಯೂಬ್ ವಾಹಿನಿಗೆ ಹಾಕಬಾರದು ಎಂಬ ನಿಯಮವನ್ನು ಅವರಿಗೆ ನೆನಪಿಸಿ. ಕಂಪನಿಗೂ ತಿಳಿಸಿ, ಅದರಿಂದ ಅವರ ವ್ಯವಹಾರಕ್ಕೆ ಅಡ್ಡಿಯಿಲ್ಲ. ಆಡಿಯೊ ಪುಸ್ತಕ ಎಂಬುದು 1930ರ ದಶಕದಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಹುಟ್ಟಿದ್ದೇ ಕಣ್ಣು ಕಾಣದವರಿಗಾಗಿ. ನಾವೆಲ್ಲ ಆಮೇಲೆ ಬಂದವರು. ಪದಪಟ್ಟಿಯನ್ನು ಆ ಗುಂಪಿಗೂ ಕಳುಹಿಸಿ, ಅವರ ಕೇಳುಗರೂ ಹೂಮಳೆಯನ್ನು ಸರಿಯಾಗಿ ಕೇಳಲಿ.

ಪುಸ್ತಕವನ್ನು ಯಾರು ಕೊಳ್ಳುತ್ತಾರೆ ಎಂಬ ಚಿಂತೆ ಬಿಡಿ. ನಿಮ್ಮ ಪುಸ್ತಕ ಈಗ ಅಂಗಡಿಯಲ್ಲೇ ಇಲ್ಲವಲ್ಲ. ನನಗೆ ಪತ್ರ ಬರೆಯುವ ಕೇಳುಗರಲ್ಲಿ ಶಿರಾಡಿ ಘಾಟಿಯಲ್ಲಿ ರಾತ್ರಿ ಲಾರಿ ಓಡಿಸುವವರಿದ್ದಾರೆ, ಅಡುಗೆಮನೆಯಲ್ಲಿ ಮೊಬೈಲ್ ಇಟ್ಟುಕೊಂಡವರಿದ್ದಾರೆ, ಕನ್ನಡ ಮಾತನಾಡಬಲ್ಲ ಆದರೆ ಓದಲು ಬಾರದ ಹೊರದೇಶದ ಮಕ್ಕಳಿದ್ದಾರೆ. ಇವರು ನಿಮ್ಮ ಪುಸ್ತಕದ ಗಿರಾಕಿಗಳಲ್ಲಿ ಕಡಿಮೆಯಾದವರಲ್ಲ, ಹೊಸದಾಗಿ ಬಂದವರು. ಇವರಲ್ಲಿ ಕೆಲವರು ಕೇಳಿ ಮುಗಿಸಿ, ಅಚ್ಚಿನ ಪ್ರತಿ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದ್ದಾರೆ. ಕೇಳುವುದು ಓದಿಗೆ ಸಮವಲ್ಲ ಎಂದು ಯಾರಾದರೂ ಅಂದರೆ ಕಡೂರಿನ ಹತ್ತಿರದ ದೇವನೂರಿನ ಲಕ್ಷ್ಮೀಶನನ್ನು ನೆನಪಿಸಿ. ಅವನ ಜೈಮಿನಿ ಭಾರತ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದು ಗಮಕಿಗಳ ದನಿಯಿಂದ. ಅವರಲ್ಲಿ ಎಷ್ಟೋ ಜನರಿಗೆ ಅಕ್ಷರವೇ ಬರುತ್ತಿರಲಿಲ್ಲ.

ಸ್ವಂತ ಖರ್ಚಿನಲ್ಲಿ ಮಾಡಿಸುವ ದಾರಿಯೂ ಉಂಟು. ಮುದ್ರಿಕೆ ಪೂರ್ತಿ ನಿಮ್ಮದಾಗುತ್ತದೆ, ಯಾವ ವೇದಿಕೆಗೆ ಬೇಕಾದರೂ ಕೊಡಬಹುದು. ಆದರೆ ಕಲಾವಿದೆಯ ಸಂಭಾವನೆ, ಸ್ಟುಡಿಯೋ, ಸಂಕಲನ ಎಲ್ಲಕ್ಕೂ ಮೊದಲೇ ಹಣ ಹಾಕಬೇಕು, ಅದು ಮರಳುವುದು ನಿಧಾನ. ಪಿಂಚಣಿಯ ಹಣದಲ್ಲಿ ಇದನ್ನು ಮಾಡಲು ನಾನು ಹೇಳಲಾರೆ. ಮನೆಯಲ್ಲೇ ಧ್ವನಿಮುದ್ರಿಸುವ ಯೋಚನೆಯಿದ್ದರೆ ಮಳೆಗಾಲ ಕಳೆಯುವವರೆಗೆ ಮೈಕ್ ಕೊಳ್ಳಬೇಡಿ. ಅಮೆಜಾನ್‌ನ ಆಡಿಯೊ ಪುಸ್ತಕ ಸೇವೆಯಾದ ಆಡಿಬಲ್‌ಗೆ ಪುಸ್ತಕ ಸಲ್ಲಿಸುವ ಎಸಿಎಕ್ಸ್ ವೇದಿಕೆ, ಯಾರೂ ಮಾತನಾಡದ ಹೊತ್ತಿನ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು ಎನ್ನುತ್ತದೆ. ಜುಲೈ ತಿಂಗಳಲ್ಲಿ ನಿಮ್ಮ ಕಡೆಯ ಹಂಚಿನ ಮನೆಯಲ್ಲಿ ಅಷ್ಟು ಮೌನ ಎಲ್ಲಿಂದ ಬರಬೇಕು? ಮಳೆ ನಿಂತರೆ ಜೀರುಂಡೆ, ಜೀರುಂಡೆ ನಿಂತರೆ ಇನ್ವರ್ಟರ್. ದೀಪಾವಳಿ ಕಳೆದ ಮೇಲೆ, ಕಿಟಕಿ ಕಡಿಮೆಯಿರುವ ಒಳಕೋಣೆಯಲ್ಲಿ, ಗೋಡೆಗೆ ಕಂಬಳಿ ತೂಗುಹಾಕಿ, ಫ್ರಿಜ್ಜನ್ನೂ ಇನ್ವರ್ಟರನ್ನೂ ನಿಲ್ಲಿಸಿ, ಬೆಳಗಿನ ಜಾವ ಪ್ರಯತ್ನಿಸಬಹುದು.

ಕಂಪನಿಗೆ ಈ ವಾರ ಬರೆಯುವ ಪತ್ರದಲ್ಲಿ ಇಷ್ಟು ಕೇಳಿ: ಕನ್ನಡ ಧ್ವನಿ ಮಾತ್ರ, ಐದು ವರ್ಷ, ಪಾಲು, ಮನುಷ್ಯರ ಓದು, ಮೊದಲ ಅಧ್ಯಾಯಕ್ಕೆ ನಿಮ್ಮ ಒಪ್ಪಿಗೆ. ಒಪ್ಪದಿದ್ದರೆ ಬಿಡಿ. ಇಪ್ಪತ್ತೈದು ವರ್ಷ ಕಾದ ಪುಸ್ತಕ ಇನ್ನೊಂದು ವರ್ಷ ಕಾಯುತ್ತದೆ, ಹಕ್ಕು ಕೇಳಿ ಬರುವವರು ಇವರೊಬ್ಬರೇ ಅಲ್ಲ. ಒಪ್ಪಿದರೆ, ಓದುವವರ ಮಾದರಿ ಕಳುಹಿಸುತ್ತಾರೆ. ಸಾಮಾನ್ಯವಾಗಿ ಕಾದಂಬರಿಯ ಮೊದಲ ಪುಟವನ್ನೋ, ಪ್ರಕೃತಿ ವರ್ಣನೆಯ ಭಾಗವನ್ನೋ ಓದಿಸಿ ಕಳುಹಿಸುವುದು ವಾಡಿಕೆ. ಅದನ್ನು ಯಾರು ಓದಿದರೂ ಚೆನ್ನಾಗಿಯೇ ಕೇಳುತ್ತದೆ. ನಿಮ್ಮ ಹುಡುಗಿ ಮೊದಲ ಬಾರಿ ರೈಟರಿಗೆ ಎದುರಾಡುವ ಪುಟವೊಂದು ಖಂಡಿತ ಇರುತ್ತದೆ. ಆ ಪುಟವನ್ನು ನೀವೇ ಗುರುತು ಮಾಡಿ, ಇದನ್ನು ಓದಿಸಿ ಕಳುಹಿಸಿ ಎಂದು ಬರೆಯಿರಿ.